ನಗು ನಿಮ್ಮ ಆಜ್ಞೆ, ತಪ್ಪು ಅವಳದು

ವರ್ತನಾ ಸುಧಾರಣಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಸನ್ಮಾನ ನನಗೆ ಬೇಡ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಗೆ ಬರೆಯೋಣ ಅಂದುಕೊಂಡರೆ ಅಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ವಿಭಾಗದ ವಾರ್ಷಿಕ ದಿನದಂದು ನನ್ನನ್ನು ವೇದಿಕೆ ಹತ್ತಿಸಿ, 'ಗುಂಪಿನ ಒತ್ತಡವನ್ನು ಮೀರಿ ಸ್ವಂತ ಬುದ್ಧಿಯಿಂದ ನಡೆದ ಧೀರ ಮಹಿಳೆ' ಎಂದು ಹೊಗಳಿ, ಗಾಜು ಹಾಕಿಸಿದ ಪ್ರಶಂಸಾ ಪತ್ರ ಕೊಡುತ್ತೀರಂತೆ. ನನ್ನ ಫೋಟೊ ಎಲ್ಲ ಕಾರ್ಖಾನೆಗಳ ಗೋಡೆಯ ಮೇಲೂ ಬರುತ್ತದಂತೆ. ಅದೇ ಲಕೋಟೆಯಲ್ಲಿ ನಿಮ್ಮ ವಿಚಾರಣಾ ವರದಿಯನ್ನೂ ಮಡಿಸಿ ಇಟ್ಟಿದ್ದೀರಿ. ಅದರಲ್ಲಿ ನನ್ನ ಓರಗಿತ್ತಿಯನ್ನು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯನ್ನು, ಒಬ್ಬ ಮುದುಕರ ಸಾವಿಗೆ ಕಾರಣಳನ್ನಾಗಿ ಮಾಡಿದ್ದೀರಿ. ಒಂದೇ ಮನೆ, ಒಂದೇ ಒಲೆ, ಒಂದೇ ಲಕೋಟೆ. ಒಬ್ಬಳಿಗೆ ಚಪ್ಪಾಳೆ, ಇನ್ನೊಬ್ಬಳ ಮುಖಕ್ಕೆ ಮಸಿ. ಅಂಚೆ ಖರ್ಚಿನಲ್ಲಿ ಇಷ್ಟು ಮಿತವ್ಯಯ ತೋರಿಸಿದ ಇಲಾಖೆಯನ್ನು ನಾನು ಕಂಡಿಲ್ಲ.

ನಾನು ದೊಡ್ಡ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಓದಿದ್ದು ಏಳನೆಯ ತರಗತಿ, ಅದೂ ಪೂರ್ತಿಯಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈ ಪತ್ರದಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಅಕ್ಷರ ತಪ್ಪಿದೆ ಎಂದು ಅರ್ಥವನ್ನೂ ತಳ್ಳಿಹಾಕಬೇಡಿ. ಇದರ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅವರು ಅಚ್ಚು ಹಾಕುತ್ತಾರೋ ಇಲ್ಲವೋ, ಹಾಕಿದರೆ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಇದೆಲ್ಲ ಯೋಚನೆಯಲ್ಲಿ ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಒಲೆ ಆರಿದೆಯೇ ನೋಡಿ ಬಂದಿದ್ದೇನೆ. ಒಲೆ ಹಚ್ಚಿಯೇ ಇರಲಿಲ್ಲ.

ನಮ್ಮ ಲಾಂಡ್ರಿಯನ್ನು ನೀವು ಉದ್ಘಾಟನೆಯ ದಿನ ನೋಡಿದ್ದೀರಿ, ಯಂತ್ರಗಳು ಸುಮ್ಮನಿದ್ದಾಗ. ಅವು ಓಡುವಾಗ ಅಲ್ಲಿ ಪಕ್ಕದವಳು ಕೂಗಿದರೂ ಕೇಳಿಸುವುದಿಲ್ಲ. ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಹೊರಬಂದ ಚಾದರವನ್ನು ಇಬ್ಬರು ಹೆಂಗಸರು ಹಿಡಿಯುತ್ತಾರೆ. ಈಕೆಯ ಕೈಯಲ್ಲಿ ಎರಡು ಮೂಲೆ, ಆಕೆಯ ಕೈಯಲ್ಲಿ ಎರಡು ಮೂಲೆ. ಎಳೆದು, ಮಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ಆಗ ಕಣ್ಣು ಬಟ್ಟೆಯ ಮೇಲೆ ಇರುವುದಿಲ್ಲ, ಎದುರಿನವಳ ಮುಖದ ಮೇಲಿರುತ್ತದೆ. ಅವಳು ಹುಬ್ಬು ಎತ್ತಿದರೆ ಎಳೆಯಬೇಕು, ಗದ್ದ ತಗ್ಗಿಸಿದರೆ ಸಡಿಲ ಬಿಡಬೇಕು. ಎದುರಿನವಳಿಗಿಂತ ಮೊದಲು ಯಾರೂ ತುದಿ ಬಿಡುವಂತಿಲ್ಲ. ಬಿಟ್ಟರೆ ಚಾದರ ನೆಲ ಕಂಡು ಮತ್ತೆ ಒಗೆತಕ್ಕೆ ಹೋಗುತ್ತದೆ, ಆಮೇಲೆ ದಿನವಿಡೀ ಬೈಗುಳ. ಹೊಸಬರಿಗೆ ನಾವು ಕಲಿಸುವ ಮೊದಲ ಪಾಠವೇ ಇದು: ಮುಖ ನೋಡು, ತುದಿ ಬಿಡಬೇಡ. ಒಬ್ಬರನ್ನು ನೋಡಿ ಒಬ್ಬರು ನಡೆಯುವುದನ್ನು ನಿಮ್ಮ ವಿಭಾಗ ನಮಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಹೊಟ್ಟೆಪಾಡೇ ಅದರ ಮೇಲೆ ನಿಂತಿತ್ತು. ನೀವು ನೇರವಾಗಿ ಅದಕ್ಕೇ ಕೈ ಹಾಕಿದಿರಿ.

ಕೈ ಹಾಕಲು ನೆಪ ಕೊಟ್ಟವಳು ನಾನೇ, ಅದನ್ನೂ ಹೇಳುತ್ತೇನೆ. ಅಲ್ಲಿ ನನ್ನನ್ನು ಗಾಬರಿಯಮ್ಮ ಅಂತಲೇ ಕರೆಯುವುದು. ಫ್ಯಾನು ಅಲ್ಲಾಡಿದರೆ ತಲೆ ಮೇಲೆ ಬೀಳುತ್ತದೆ ಅನ್ನುವವಳು, ತಂತಿ ಬಿಸಿಯಾದರೆ ಉರಿಯುತ್ತದೆ ಅನ್ನುವವಳು. ನಾನು ಹೇಳಿದ್ದರಲ್ಲಿ ನಿಜವಾದದ್ದು ಬಹಳ ಕಡಿಮೆ. ಓರಗಿತ್ತಿಯನ್ನು ನಾನು ಅಕ್ಕ ಅನ್ನುತ್ತೇನೆ, ಅಕ್ಕ ಹೇಳುತ್ತಿದ್ದಳು, "ನಿನಗೆ ಹಗ್ಗ ತೋರ್ಸಿದ್ರೆ ಹಾವು ಅಂತೀಯ, ಹಾವು ತೋರ್ಸಿದ್ರೆ ಎರಡು ಹಾವು ಅಂತೀಯ." ಹೋದ ವರ್ಷ ಸ್ಟೀಮಿನ ಕೊಳವೆ ಬಾಯಿಬಿಟ್ಟು ಸದ್ದು ಮಾಡಿದಾಗ ನಾನು ಬೆಂಕಿ ಬೆಂಕಿ ಎಂದು ಓಡಿದೆ, ನನ್ನನ್ನು ನೋಡಿ ಶೆಡ್ಡಿಗೆ ಶೆಡ್ಡೇ ಓಡಿತು. ಬೆಂಕಿ ಇರಲಿಲ್ಲ. ಒಬ್ಬಳ ಕಾಲು ಉಳುಕಿತು. ಬಟ್ಟೆ ತಡವಾಗಿ, ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮಲಗಿಸಿದ್ದವರನ್ನು ಕಾಯಿಸಬೇಕಾಯಿತಂತೆ. ಆ ದಿನ ನೀವು ನನ್ನನ್ನು ಕರೆದು ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ನೀವು ಬೈಯಲಿಲ್ಲ. ಯೋಜನೆ ಮಾಡಿದಿರಿ.

'ಶಾಂತ ಮುಖ ಯೋಜನೆ' ಎಂದು ಅದಕ್ಕೆ ಹೆಸರಿಟ್ಟಿರಿ. ತರಬೇತಿಗೆ ಬಂದ ಮೇಡಂ ನಯವಾಗಿ ಮಾತಾಡುವವರು. ನಮ್ಮನ್ನು ಊಟದ ಕೋಣೆಯಲ್ಲಿ ಕೂರಿಸಿ, ಎರಡು ಕೋಲು ಹಿಡಿದು, ಯಾವುದು ಉದ್ದ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮುಂದೆ ಕೂತವರೆಲ್ಲ ಗಿಡ್ಡ ಕೋಲನ್ನು ತೋರಿಸಿ ಅದೇ ಉದ್ದ ಎಂದರು. ಅಕ್ಕನ ಸರದಿ ಬಂತು. ಅವಳು ಕೋಲು ನೋಡಿದಳು, ಮುಂದಿನವರ ಮುಖ ನೋಡಿದಳು, ಅದೇ ಉದ್ದ ಎಂದಳು. ಮೇಡಂ ನಕ್ಕು, ಮುಂದೆ ಕೂತವರಿಗೆ ನಾನೇ ಹೇಳಿಕೊಟ್ಟಿದ್ದೆ ಎಂದರು. ಇದಕ್ಕೆ ಅನುಸರಣೆ ಎನ್ನುತ್ತಾರಂತೆ. ಹತ್ತು ಜನ ಹೂಂ ಅಂದರೆ ಹನ್ನೊಂದನೆಯವರ ಕಣ್ಣು ಕೂಡ ಹೂಂ ಅನ್ನುತ್ತದಂತೆ. ನನ್ನ ಸರದಿ ಬರುವ ಮೊದಲೇ ಗುಟ್ಟು ಬಿಚ್ಚಿದರು, ಆದರೆ ಅಷ್ಟರಲ್ಲಿ ನನ್ನ ಕಣ್ಣೇ ಹೋಯಿತು ಅಂದುಕೊಂಡು ನಾನು ಬೆವತುಹೋಗಿದ್ದೆ. ಗುಟ್ಟು ಗೊತ್ತಾದ ಮೇಲೂ ಸಮಾಧಾನ ಆಗದೆ ಮರುದಿನ ಕಣ್ಣಿನ ಡಾಕ್ಟರನ್ನು ನೋಡಿ ಬಂದೆ. ಕಣ್ಣು ಸರಿಯಾಗಿತ್ತು.

ಮಾನ್ಯರೇ, ಆ ಕೋಲಿನ ಆಟ ನೋಡಿ ಯಾರಿಗಾದರೂ ಮೊದಲು ಭಯವಾಗಬೇಕು. ಸುತ್ತಲಿನವರ ಮುಖಕ್ಕೆ ಕಣ್ಣನ್ನೇ ಸುಳ್ಳು ಮಾಡುವ ಬಲ ಇದ್ದರೆ ಅಂಥದ್ದರ ಹತ್ತಿರ ಹೋಗಬಾರದು ಅನ್ನಿಸಬೇಕು. ನಿಮಗೆ ಅನ್ನಿಸಿದ್ದು ಬೇರೆ. ಮುಖಕ್ಕೆ ಇಷ್ಟು ಬಲ ಇದ್ದರೆ ಅಪಾಯದ ಗಂಟೆ ಯಾಕೆ ರಿಪೇರಿ ಮಾಡಿಸಬೇಕು ಅನ್ನಿಸಿತು. ನಮ್ಮ ಶೆಡ್ಡಿನ ಗಂಟೆ ಕೆಟ್ಟಿದ್ದು ಕೆಟ್ಟೇ ಉಳಿಯಿತು. ಅದರ ಕೆಳಗೆ 'ಗಾಬರಿ ಹರಡಬೇಡಿ, ಶಾಂತ ಮುಖವನ್ನು ನೋಡಿ' ಎಂಬ ಬಣ್ಣದ ಹಾಳೆ ಬಂತು.

ಶಾಂತ ಮುಖ ಅಂದರೆ ಸಾಲಿಗೆ ಒಬ್ಬಳು, ಎದೆಯ ಮೇಲೆ ಹಸಿರು ಬ್ಯಾಡ್ಜು. ನಡುವಿನ ಸಾಲಿಗೆ ಅಕ್ಕನನ್ನು ಆರಿಸಿದಿರಿ. ಆರಿಸಿದ್ದು ತಪ್ಪಲ್ಲ, ಆ ಶೆಡ್ಡಿನಲ್ಲಿ ಅಳುವವರೂ ಜಗಳವಾಡಿದವರೂ ಅವಳ ಹತ್ತಿರವೇ ಬರುತ್ತಿದ್ದರು. ಈಯಮ್ಮ ನಕ್ಕರೆ ಉಕ್ಕೋ ಹಾಲೂ ಕೂತ್ಕೊಳ್ಳತ್ತೆ ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದ. ಮೊದಲು ಒಂದು ದಿನದ ಮಟ್ಟಿಗೆ ಬ್ಯಾಡ್ಜು ಹಾಕಿಕೊಳ್ಳಿ, ಇಷ್ಟವಾಗದಿದ್ದರೆ ತೆಗೆಯಿರಿ ಅಂದಿರಿ. ಆಮೇಲೆ ದಿನಾ ಹಾಕಿ ಅಂದಿರಿ. ಆಮೇಲೆ ಏನಾದರೂ ವಿಚಿತ್ರ ಕಂಡರೆ ಕೈ ನಿಲ್ಲಿಸಬೇಡಿ, ಸುತ್ತಲಿನವರತ್ತ ನೋಡಿ ನಗಿ ಅಂದಿರಿ. ಮೇಸ್ತ್ರಿ ಬಂದು ಹೇಳುವವರೆಗೆ ಜಾಗ ಬಿಡಬೇಡಿ, ಹೊರಡುವುದಾದರೂ ಎಲ್ಲರಿಗಿಂತ ಕೊನೆಗೆ ಹೊರಡಿ ಅಂದಿರಿ. ಕಡೆಗೆ, ಸಾಲಿನಲ್ಲಿ ಯಾರು ಹೆಚ್ಚು ಗಾಬರಿ ಹರಡುತ್ತಾರೆ ಎಂದು ಹೇಳಿ ಅಂದಿರಿ. ಸಣ್ಣದಕ್ಕೆ ಒಪ್ಪಿದವರು ದೊಡ್ಡದಕ್ಕೂ ಒಪ್ಪುತ್ತಾರೆ ಎಂದು, ತರಬೇತಿಯಲ್ಲಿ ಹಂಚಿದ ನಿಮ್ಮ ಕೈಪಿಡಿಯಲ್ಲಿ ಒಂದು ಅಧ್ಯಾಯವೇ ಇದೆ. ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂದು ನಮ್ಮ ಅಜ್ಜಿಯರು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ಆದರೆ ಅಜ್ಜಿಯರು ಅದನ್ನು ಹೇಳಿದ್ದು ನಾವು ಹುಷಾರಾಗಿರಲಿ ಎಂದು. ನೀವು ಬರೆದದ್ದು ನುಂಗುವುದು ಹೇಗೆ ಎಂದು.

ಅಕ್ಕ ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದ್ದ ಸಣ್ಣ ಕನ್ನಡಿಯ ಮುಂದೆ ನಿಂತು ಆ ನಗುವನ್ನು ಅಭ್ಯಾಸ ಮಾಡಿದಳು. "ಇಷ್ಟು ಸಾಕೇನೆ, ಹಲ್ಲು ಕಾಣ್ಬೇಕಾ?" ಎಂದು ನನ್ನನ್ನು ಕೇಳಿದಳು. ಹಲ್ಲು ಕಂಡರೆ ಮೇಸ್ತ್ರಿ ಸಂಬಳ ಜಾಸ್ತಿ ಕೊಟ್ಟಿದ್ದಾನೆ ಅಂದುಕೊಳ್ಳುತ್ತಾರೆ ಎಂದು ನಾನು ಅಂದೆ. ಇಬ್ಬರೂ ಅನ್ನ ಸೀಯುವವರೆಗೆ ನಕ್ಕೆವು.

ಗಾಬರಿ ಹರಡುವವರು ಯಾರು ಎಂಬ ಪ್ರಶ್ನೆಗೆ ಅಕ್ಕ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಡೀ ಶೆಡ್ಡು ನನ್ನ ಕಡೆ ತಿರುಗಿತು. ಭಯ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಅಂಟುತ್ತದೆ, ಆದ್ದರಿಂದ ನನ್ನ ಮುಖ ಯಾರಿಗೂ ಕಾಣದಂತೆ ಇರುವುದು ಉತ್ಪಾದನೆಯ ದೃಷ್ಟಿಯಿಂದ ಒಳ್ಳೆಯದು ಎಂದು ನಿಮ್ಮ ವಿಭಾಗ ತೀರ್ಮಾನಿಸಿತು. ಚಾದರದ ಜೋಡಿಯಿಂದ ನನ್ನನ್ನು ತೆಗೆದು, ಶೆಡ್ಡಿನ ಕೊನೆಯಲ್ಲಿ, ಹಿಂದಿನ ಬಾಗಿಲ ಪಕ್ಕ, ಗೋಡೆಗೆ ಮುಖ ಮಾಡಿ ಕೂರಿಸಿ ದಿಂಬಿನ ಕವರು ಮಡಿಸಲು ಕೊಟ್ಟರು. ದಿಂಬಿನ ಕವರಿಗೆ ಎದುರಿನವಳು ಬೇಕಿಲ್ಲ. ಬೆಳಗಿನಿಂದ ಸಂಜೆವರೆಗೆ ನಾನು ನೋಡಿದ್ದು ಸುಣ್ಣದ ಗೋಡೆ ಮತ್ತು ಅದರ ಮೇಲೆ ಓಡಾಡುವ ಒಂದು ಹಲ್ಲಿ. ಅದೂ ನನ್ನನ್ನು ಕಂಡು ಗಾಬರಿಯಾಗುತ್ತಿತ್ತು.

ಇನ್ನು ಆ ದಿನದ ಮಾತು. ನಮ್ಮಲ್ಲಿ ಬಟ್ಟೆ ಬಿಳಿ ಮಾಡಲು ಒಂದು ದ್ರವ, ಕಡೆಯ ನೀರಿಗೆ ಹಾಕಲು ಹುಳಿ ದ್ರವ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಚರಂಡಿ. ಒಂದು ಚರಂಡಿ ಕಟ್ಟಿಕೊಂಡು ಎಷ್ಟೋ ದಿನವಾಗಿತ್ತು. ಆ ಮಧ್ಯಾಹ್ನ ಎರಡು ಡ್ರಮ್ಮುಗಳ ತಳದಲ್ಲಿ ಉಳಿದದ್ದನ್ನು ಒಂದೇ ಚರಂಡಿಗೆ ಸುರಿದರು. ಅವೆರಡು ಸೇರಬಾರದು, ಸೇರಿದರೆ ವಿಷದ ಹೊಗೆ ಏಳುತ್ತದೆ ಎಂದು ಡ್ರಮ್ಮಿನ ಮೇಲೆ ಅಚ್ಚಾಗಿದೆಯಂತೆ, ನಮ್ಮ ಶೆಡ್ಡಿನಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿ. ನನಗೂ ಗೊತ್ತಿರಲಿಲ್ಲ. ಪ್ರಪಂಚದಲ್ಲಿರುವ ಎಲ್ಲದಕ್ಕೂ ಹೆದರಿದ ನಾನು ಆ ಡ್ರಮ್ಮುಗಳಿಗೆ ಮಾತ್ರ ಒಮ್ಮೆಯೂ ಹೆದರಿರಲಿಲ್ಲ. ಮೇಸ್ತ್ರಿ ಅಂಗಳದಲ್ಲಿ ಲಾರಿಯವನ ಜೊತೆ ಇದ್ದ. ಗಂಟೆ ಕೆಟ್ಟಿತ್ತು. ಶೆಡ್ಡಿನಲ್ಲಿ ಉಳಿದಿದ್ದ ಏಕೈಕ ಸುರಕ್ಷಾ ವ್ಯವಸ್ಥೆ ಅಕ್ಕನ ಮುಖ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ನಾನು ಗೋಡೆ ನೋಡುತ್ತಿದ್ದೆ. ನೋಡಿದವರು ಹೇಳಿದ್ದು ಇದು. ಮೂಗು ಉರಿಯತೊಡಗಿತು, ಕಣ್ಣಲ್ಲಿ ನೀರು ಬಂತು. ಪ್ರತಿಯೊಬ್ಬಳೂ ಎದುರಿನವಳ ಮುಖ ನೋಡಿದಳು. ಎದುರಿನವಳು ತುದಿ ಬಿಟ್ಟಿರಲಿಲ್ಲ, ಆದ್ದರಿಂದ ಇವಳೂ ಬಿಡಲಿಲ್ಲ. ಇವಳು ಬಿಡಲಿಲ್ಲ ಎಂದು ಅವಳೂ ಬಿಡಲಿಲ್ಲ. ಆಮೇಲೆ ಇಬ್ಬರೂ ಅಕ್ಕನ ಕಡೆ ನೋಡಿದರು. ಚರಂಡಿಯ ಪಕ್ಕದಲ್ಲಿ ಯಂತ್ರದಿಂದ ಒದ್ದೆ ಬಟ್ಟೆ ಇಳಿಸುವ ಮುದುಕರಿದ್ದರು. ಎಲ್ಲರೂ ಅವರನ್ನು ತಾತ ಅನ್ನುತ್ತಿದ್ದೆವು. ಹೊಗೆ ಮೊದಲು ತಾಗಿದ್ದು ಅವರಿಗೆ. ಅಕ್ಕ ಇದನ್ನು ಒಂದೇ ಸಲ ಹೇಳಿದಳು, ಆಸ್ಪತ್ರೆಯಿಂದ ಮನೆಗೆ ಬಂದ ದಿನ, ನನ್ನ ಕಡೆ ತಿರುಗದೆ.

"ತಾತ ಕೆಮ್ತಾ ತಲೆ ಎತ್ತಿ ನನ್ನ ಮುಖ ನೋಡಿದ್ರು ಕಣೆ. ನಾನು ನಕ್ಕೆ. ಅವರು ಸರಿ ಅಂತ ತಲೆ ಆಡ್ಸಿ ಮತ್ತೆ ಬಗ್ಗಿದ್ರು."

ಅಷ್ಟೇ. ಅವಳ ಎದೆಯೂ ಉರಿಯುತ್ತಿತ್ತು. ಆದರೂ ಕಲಿಸಿದ ನಗು ನಕ್ಕಳು. ತಾತ ಮತ್ತೆ ತಲೆ ಎತ್ತಲಿಲ್ಲ.

ನನ್ನ ಧೀರತನದ ಕಥೆ ಈಗ ಕೇಳಿ, ನಿಮ್ಮ ಪ್ರಶಂಸಾ ಪತ್ರದಲ್ಲಿ ಅದನ್ನು ಬೇರೆ ತರಹ ಬರೆದಿದ್ದೀರಿ. ನನ್ನ ಮೂಗು ಉರಿಯಿತು. ಪಕ್ಕದವರು ಏನು ಮಾಡುತ್ತಿದ್ದಾರೆ ಎಂದು ನೋಡೋಣ ಅಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಗೋಡೆ. ಗೋಡೆ ನಗಲಿಲ್ಲ. ನಾನು ಸತ್ತೇ ಹೋಗುತ್ತೇನೆ ಎಂದು ಕಿರುಚಿಕೊಂಡು ಬಾಗಿಲ ಅಗಳಿ ಎಳೆದು ಓಡಿದೆ. ಯಾರನ್ನೂ ಉಳಿಸಲು ಓಡಲಿಲ್ಲ. ಬಾಗಿಲು ತೆರೆದಿದ್ದರಿಂದ ಬೆಳಕು ಒಳಗೆ ಹೋಯಿತು, ಬೆಳಕಿನಲ್ಲಿ ನನ್ನ ಬೆನ್ನು ಕಂಡಿತು, ಒಬ್ಬಳು ತುದಿ ಬಿಟ್ಟಳು, ಅವಳನ್ನು ನೋಡಿ ಇನ್ನೊಬ್ಬಳು ಬಿಟ್ಟಳು, ಆಮೇಲೆ ಚಾದರಗಳೆಲ್ಲ ನೆಲದ ಮೇಲಿದ್ದವು. ಅಕ್ಕನನ್ನು ನಡುವಿನ ಸಾಲಿನಲ್ಲಿ ಇರಿಸಿದವರು ನೀವು, ನನ್ನನ್ನು ಗೋಡೆಯ ಮುಂದೆ ಇರಿಸಿದವರೂ ನೀವೇ. ನಮ್ಮ ಜಾಗ ಅದಲುಬದಲಾಗಿದ್ದರೆ ಅವಳು ಓಡುತ್ತಿದ್ದಳು, ನಾನು ಅವಳ ಮುಖವನ್ನೋ ಇನ್ನೊಬ್ಬಳ ಮುಖವನ್ನೋ ನೋಡುತ್ತ ಚಾದರ ಹಿಡಿದು ನಿಂತಿರುತ್ತಿದ್ದೆ. ಧೈರ್ಯಕ್ಕೆ ಪದಕ ಕೊಡುವುದಿದ್ದರೆ ಆ ಗೋಡೆಗೆ ಕೊಡಿ. ಇಲ್ಲವೇ ಕೊನೆಗೆ ಹೊರಟವಳಿಗೆ ಕೊಡಿ. ಬ್ಯಾಡ್ಜಿನವರು ಕೊನೆಗೆ ಹೊರಡಬೇಕು ಎಂಬ ನಿಮ್ಮ ನಿಯಮವನ್ನು ಪಾಲಿಸಿ, ತನ್ನೆದುರು ಚಾದರ ಮಡಿಸುತ್ತಿದ್ದ ಜೋಡಿಯವಳ ಜೊತೆ ತಾತನನ್ನು ಎಳೆದುಕೊಂಡು ಅಕ್ಕ ಎಲ್ಲರಿಗಿಂತ ಹಿಂದೆ ಹೊರಬಂದಳು. ತಾತ ಆಸ್ಪತ್ರೆಯಲ್ಲಿ ತೀರಿಕೊಂಡರು, ನಾವೇ ಮಡಿಸಿ ಕಳಿಸಿದ್ದ ಚಾದರದ ಮೇಲೆ. ಅಕ್ಕ ಈಗ ಮೆಟ್ಟಿಲು ಹತ್ತುವಾಗ ನಡುವೆ ಕೂತುಕೊಳ್ಳುತ್ತಾಳೆ.

ಇದೆಲ್ಲ ನಿಮ್ಮ ವರದಿಯಲ್ಲಿ ಹೇಗೆ ಬಂದಿದೆ? 'ಈ ದುರ್ಘಟನೆಗೆ ಯಾವ ವ್ಯಕ್ತಿಯನ್ನೂ ಹೊಣೆ ಮಾಡಲಾಗದು. ಗುಂಪಿನಲ್ಲಿರುವ ಮನುಷ್ಯರು ಪರಸ್ಪರರ ಮುಖ ನೋಡಿ ಸುಮ್ಮನಿರುವುದು ಸಹಜ ಪ್ರವೃತ್ತಿ. ಆದಾಗ್ಯೂ ನಡುವಿನ ಸಾಲಿನ ಶಾಂತ ಮುಖ ಕಾರ್ಯಕರ್ತೆಯ ತಪ್ಪು ಸಂಕೇತದಿಂದ ನಿರ್ಗಮನ ವಿಳಂಬವಾಗಿ ಒಂದು ಜೀವಹಾನಿ ಸಂಭವಿಸಿತು.' ಯಾರೂ ಹೊಣೆಯಲ್ಲ ಎಂದಿರಿ, ಮರು ಉಸಿರಿಗೇ ಹೊಣೆಯನ್ನು ಅಕ್ಕನ ಬೆನ್ನಿಗೆ ಕಟ್ಟಿದಿರಿ. ಸಹಜ ಪ್ರವೃತ್ತಿಯಂತೆ. ನೀರು ಹರಿಯುವ ದಾರಿ ತಿಳಿದುಕೊಂಡು ಮನೆಯೊಳಕ್ಕೆ ಕಾಲುವೆ ತೋಡಿದವರು, ಮನೆ ಮುಳುಗಿದ ಮೇಲೆ ನೀರಿನ ಸ್ವಭಾವವೇ ಹಾಗೆ ಎಂದು ಬರೆದುಕೊಟ್ಟು ಹೋಗಬಹುದೇ? ತಪ್ಪು ಸಂಕೇತವಂತೆ. ಆ ಸಂಕೇತ ಕಲಿಸಿದವರು ಯಾರು? ಅವಳು ಆ ದಿನ ನಗದೆ ಓಡಿದ್ದರೆ, ಹೊಗೆ ಬರೀ ಸ್ಟೀಮಾಗಿದ್ದರೆ, ಗಾಬರಿ ಹರಡಿದಳು ಎಂದು ಅವಳನ್ನೂ ನನ್ನ ಪಕ್ಕ ಗೋಡೆಗೆ ಕೂರಿಸುತ್ತಿರಲಿಲ್ಲವೇ?

ನಿಮ್ಮ ಕೈಪಿಡಿಯಲ್ಲಿ ಇನ್ನೊಂದು ಪಾಠ ಇದೆ. ನಾನು ತಪ್ಪಿದರೆ ಸಂದರ್ಭ ಹಾಗಿತ್ತು ಅನ್ನುತ್ತೇನೆ, ಇನ್ನೊಬ್ಬರು ತಪ್ಪಿದರೆ ಅವರ ಗುಣವೇ ಹಾಗೆ ಅನ್ನುತ್ತೇನೆ, ಇದು ಮನುಷ್ಯರು ಸಾಮಾನ್ಯವಾಗಿ ಮಾಡುವ ತಪ್ಪು ಎಂದು ಬರೆದಿದೆ. ಕಷ್ಟದ ಪದಗಳನ್ನು ನಾನು ಅಕ್ಕನ ಮಗಳಿಂದ ಓದಿಸಿಕೊಳ್ಳುತ್ತೇನೆ, ಅವಳು ಕಾಲೇಜಿಗೆ ಹೋಗುತ್ತಾಳೆ. ಈ ಪಾಠವನ್ನು ಅವಳು ಚೆನ್ನಾಗಿಯೇ ಬಿಡಿಸಿ ಹೇಳಿದಳು. ಆಮೇಲೆ ವರದಿ ಓದಲು ಕೊಟ್ಟೆ. ನನಗೆ ಗೊತ್ತಿರಲಿಲ್ಲ ಅದರಲ್ಲಿ ಏನಿದೆ ಎಂದು. 'ನಡುವಿನ ಸಾಲಿನ' ಎಂಬಲ್ಲಿಗೆ ಬಂದು ನಿಲ್ಲಿಸಿದಳು. ಮುಂದೆ ಓದಲಿಲ್ಲ, ಹಾಳೆಯನ್ನು ನನ್ನ ಕೈಗಿಟ್ಟು ಎದ್ದು ಹೋದಳು. ಉಳಿದದ್ದನ್ನು ನಾನೇ ಒಂದೊಂದು ಅಕ್ಷರ ಕೂಡಿಸಿಕೊಂಡು ಓದಿದೆ.

ನನಗೆ ಸಿಟ್ಟು ಬಂದಿಲ್ಲ, ಸಿಟ್ಟಿಗೆ ಧೈರ್ಯ ಬೇಕು. ನನಗೆ ಬಂದಿರುವುದು ಹೇಸಿಗೆ. ಆಸ್ಪತ್ರೆಯ ಬಟ್ಟೆ ಒಗೆಯುವವರಿಗೆ ಹೇಸಿಗೆ ಸುಲಭವಾಗಿ ಬರುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ. ರಕ್ತ, ಕೀವು, ವಾಂತಿ, ಹೆತ್ತ ಹಾಸಿಗೆ, ಸತ್ತ ಹಾಸಿಗೆ, ಎಲ್ಲವನ್ನೂ ಕೈಯಲ್ಲಿ ಮುಟ್ಟಿ ವಿಂಗಡಿಸಿ ಆಮೇಲೆ ಅದೇ ಕೈ ತೊಳೆದು ಊಟ ಮಾಡಿದ್ದೇವೆ. ಅದೆಲ್ಲ ಮನುಷ್ಯರ ಮೈಯಿಂದ ಬಂದದ್ದು, ಬಿಸಿನೀರಿಗೆ ಹೋಗುತ್ತದೆ. ಆ 'ಆದಾಗ್ಯೂ' ಎಂಬ ಪದದಿಂದ ಶುರುವಾಗುವ ನಿಮ್ಮ ಸಾಲು ಮಾತ್ರ ಮೂರು ಸಲ ಕೈ ತೊಳೆದರೂ ಹೋಗುತ್ತಿಲ್ಲ.

ಅದನ್ನು ತೆಗೆಸಬೇಕೆಂದು ನಿಮ್ಮ ಕಚೇರಿಗೂ ಬಂದಿದ್ದೆ. ದಾರಿಯಲ್ಲಿ ಬಸ್ಸು ತಪ್ಪು ಹತ್ತಿದೆನೋ ಎಂದು ಇಳಿದು, ಸರಿಯಾದದ್ದೇ ಎಂದು ಗೊತ್ತಾಗಿ, ಉಳಿದ ದಾರಿ ನಡೆದುಕೊಂಡು ಬಂದೆ. ಮೊದಲ ಮೇಜಿನವರು ವರದಿ ನಮ್ಮದಲ್ಲ, ಸಮಿತಿಯದು ಎಂದರು. ಸಮಿತಿಯ ಕೋಣೆಯಲ್ಲಿದ್ದವರು ನಾವು ಬರೆದದ್ದು ತರಬೇತಿಯವರು ಕೊಟ್ಟ ಮಾಹಿತಿಯ ಮೇಲೆ ಎಂದರು. ತರಬೇತಿಯ ಮೇಡಂ ಕಾರಿಡಾರಿನಲ್ಲೇ ಸಿಕ್ಕರು. ನನ್ನನ್ನು ಕಂಡು ಅವರ ಮುಖ ಬಿಳುಚಿತು, ಅದು ನಿಜ, ಅವರು ಕಲ್ಲಲ್ಲ.

"ವೈಯಕ್ತಿಕವಾಗಿ ತಗೋಬೇಡಿ ಅಮ್ಮ. ಮೇಲಿನವರು ಹೇಳಿದ್ರು, ನಾನು ಕಲಿಸ್ದೆ. ನನ್ನ ಕೈಲಿ ಏನಿದೆ?" ಅಂದರು.

"ಅಕ್ಕನೂ ಅದೇ ಅಂತಾಳೆ ಮೇಡಂ, ಮೇಲಿನವರು ಹೇಳಿದ್ರು, ನಕ್ಕೆ ಅಂತ," ಅಂದೆ. "ನಿಮ್ಮ ಹೆಸರು ವರದಿಲಿ ಯಾಕಿಲ್ಲ?"

ಅವರು ನಿಮ್ಮ ಕೋಣೆಯ ಬಾಗಿಲು ತೋರಿಸಿದರು. ಬಾಗಿಲ ಹೊರಗಿದ್ದ ಜವಾನ, ಸಾಹೇಬರು ಸನ್ಮಾನದ ತಯಾರಿಯಲ್ಲಿ ಇದ್ದಾರೆ, ಯಾರನ್ನೂ ನೋಡುವುದಿಲ್ಲ ಎಂದ. ಯಾರ ಸನ್ಮಾನ ಎಂದು ಕೇಳಿದೆ. ಯಾರೋ ಲಾಂಡ್ರಿಯ ಹೆಂಗಸಂತೆ, ಬಹಳ ಧೈರ್ಯಸ್ಥೆಯಂತೆ ಎಂದ. ನಾನು ಹೆದರಿಕೊಂಡು ಅಲ್ಲಿಂದ ಬಂದುಬಿಟ್ಟೆ.

ಹೊಣೆ ಹಂಚಿಹೋದಾಗ ಯಾರೂ ಏಳುವುದಿಲ್ಲ ಎಂದು ನಮ್ಮ ಬಗ್ಗೆ ಬರೆದಿದ್ದೀರಲ್ಲ, ನಿಮ್ಮ ಕಾರಿಡಾರಿನಲ್ಲಿ ಒಂದು ಸಲ ನಡೆದು ನೋಡಿ. ಅಲ್ಲಿ ಹೊಗೆ ಇರಲಿಲ್ಲ, ಯಂತ್ರದ ಸದ್ದು ಇರಲಿಲ್ಲ, ಯಾರ ಕೈಯಲ್ಲೂ ಚಾದರದ ತುದಿ ಇರಲಿಲ್ಲ. ಆದರೂ ಒಬ್ಬರೂ ಏಳಲಿಲ್ಲ.

ಮನೆಯ ಮಾತು ಹೇಳದಿದ್ದರೆ ನಿಮಗೆ ಇದು ಕಾಗದದ ಜಗಳ ಅನ್ನಿಸಬಹುದು. ಅಕ್ಕ ಈಗ ಯಾರ ಮುಖವನ್ನೂ ನೋಡುವುದಿಲ್ಲ. ಊಟ ಬಡಿಸುವಾಗ ತಟ್ಟೆ ನೋಡುತ್ತಾಳೆ, ಮಗಳು ಮಾತಾಡಿಸಿದರೆ ಅವಳ ಕಾಲು ನೋಡುತ್ತಾಳೆ. ಕಿಟಕಿಯ ಕನ್ನಡಿಯನ್ನು ತೆಗೆದು ಪಾತ್ರೆಗಳ ಹಿಂದೆ ಇಟ್ಟಿದ್ದಾಳೆ. ಆಸ್ಪತ್ರೆಯಲ್ಲಿದ್ದಾಗ ಅವಳ ಕೈ ಹಿಡಿದು ಅತ್ತ ಹೆಂಗಸರೇ, ವರದಿ ಬಂದ ಮೇಲೆ ನಲ್ಲಿಯ ಹತ್ತಿರ ಬೇರೆ ರಾಗ ತೆಗೆದಿದ್ದಾರೆ. ಅವಳು ನಗ್ತಾ ನಿಂತಿದ್ದಕ್ಕೇ ಅಲ್ವಾ ತಾತ ಹೋಗಿದ್ದು ಎಂದು ಒಬ್ಬಳು ಅಂದಳಂತೆ, ಹೌದು ಎಂದು ಇನ್ನೊಬ್ಬಳು ಅಂದಳಂತೆ, ಈಗ ಇಡೀ ಬೀದಿ ಅನ್ನುತ್ತಿದೆ. ಗಿಡ್ಡ ಕೋಲೇ ಉದ್ದ ಎಂದು ಮುಂದಿನ ಸಾಲಿನಲ್ಲಿ ಕೂತು ಹೇಳಿಕೊಟ್ಟವರು ಈ ಸಲ ನೀವೇ. ಎಲ್ಲಕ್ಕಿಂತ ಕೆಟ್ಟದ್ದು, ಅಕ್ಕನೂ ಈಗ ಅದನ್ನೇ ನಂಬಿದ್ದಾಳೆ. ಸರಕಾರದ ಮುದ್ರೆ ಬಿದ್ದ ಕಾಗದದಲ್ಲಿ ಇದೆಯಲ್ಲ, ಸುಳ್ಳು ಯಾಕೆ ಬರೆಯುತ್ತಾರೆ ಅನ್ನುತ್ತಾಳೆ. ನಾನು ಸನ್ಮಾನ ಬೇಡ ಅಂದಾಗ ಅವಳು ಹೇಳಿದ್ದು ಇದು:

"ಹೋಗಿ ತಗೊಂಡ್ ಬಾರೆ. ಮನೇಲಿ ಒಬ್ಬರ ಹೆಸರಾದ್ರೂ ನೆಟ್ಟಗಿರ್ಲಿ."

ಈ ಮಾತು ಕೇಳಿದ ದಿನವೇ ನಾನು ಈ ಪತ್ರ ಬರೆಯಲು ಕೂತದ್ದು. ಇನ್ನೊಂದು ಸುದ್ದಿಯೂ ಬಂದಿದೆ. ಶಾಂತ ಮುಖ ಯೋಜನೆಯನ್ನು ನಿಲ್ಲಿಸಿ 'ಎಚ್ಚರ ಮುಖ ಯೋಜನೆ' ತರುತ್ತೀರಂತೆ, ಅದಕ್ಕೆ ನನ್ನ ಮುಖವಂತೆ. ಹಸಿರು ಬ್ಯಾಡ್ಜಿನ ಬದಲು ಕೆಂಪು ಬ್ಯಾಡ್ಜು. ನಗುವ ಬದಲು ಕಣ್ಣು ಅರಳಿಸುವುದನ್ನು ಕಲಿಸುತ್ತೀರೇನೋ. ನಾಳೆ ಇನ್ನೊಂದು ಕಡೆ ಕೆಂಪು ಬ್ಯಾಡ್ಜಿನವಳನ್ನು ನೋಡಿ ಜನ ನುಗ್ಗಿ, ತುಳಿದು ಯಾರಾದರೂ ಸತ್ತರೆ, ಅವಳ 'ತಪ್ಪು ಸಂಕೇತ' ಎಂದು ಬರೆಯಲು ನಿಮ್ಮ ಹತ್ತಿರ ಸಾಲು ಸಿದ್ಧವಾಗಿಯೇ ಇದೆ. ಗಂಟೆ ಮಾತ್ರ ಇನ್ನೂ ರಿಪೇರಿಯಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ. 'ಆದಾಗ್ಯೂ' ಇಂದ ಶುರುವಾಗುವ ಆ ಸಾಲನ್ನು ವರದಿಯಿಂದ ತೆಗೆಯಿರಿ. ತೆಗೆದೆವು ಎಂದು ಲಕೋಟೆಯಲ್ಲಿ ಕಳಿಸಬೇಡಿ, ಅಕ್ಕ ಇನ್ನು ಲಕೋಟೆ ಒಡೆಯುವುದಿಲ್ಲ. ವಾರ್ಷಿಕ ದಿನಕ್ಕೆ ಮೊದಲು ಒಂದು ಕೆಲಸದ ದಿನ ನೀವೇ ಶೆಡ್ಡಿಗೆ ಬನ್ನಿ, ಯಂತ್ರಗಳನ್ನು ನಿಲ್ಲಿಸಿ, ನಡುವಿನ ಸಾಲಿನಲ್ಲಿ ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಆ ನಗು ನಮ್ಮ ಆಜ್ಞೆಯಾಗಿತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಅಕ್ಕನನ್ನು ನಾನು ಕರೆದುಕೊಂಡು ಬಂದು ಕೂರಿಸುತ್ತೇನೆ. ಅವಳು ನಿಮ್ಮ ಮುಖ ನೋಡಲಿಕ್ಕಿಲ್ಲ, ಮಾತು ಕೇಳಿಸಿಕೊಂಡರೆ ಸಾಕು. ಗಂಟೆಯನ್ನೂ ಅದೇ ದಿನ ಬಾರಿಸಿ ತೋರಿಸಿ.

ನೀವು ಬರದಿದ್ದರೆ ವಾರ್ಷಿಕ ದಿನಕ್ಕೆ ನಾನು ಬರುತ್ತೇನೆ. ವೇದಿಕೆಗಲ್ಲ, ಸಭೆಗೆ. ನನ್ನ ಕುರ್ಚಿಯನ್ನು ತಿರುಗಿಸಿ, ನಿಮಗೆ ಬೆನ್ನು ಮಾಡಿ, ಹಿಂದಿನ ಗೋಡೆ ನೋಡುತ್ತ ಕೂರುತ್ತೇನೆ. ಅದು ನನಗೆ ಅಭ್ಯಾಸ. ಎಲ್ಲರೂ ನನ್ನನ್ನೇ ನೋಡುತ್ತಾರೆ, ನಡುವೆ ಎದ್ದು ಓಡಿದರೂ ಓಡಿಯೇನು. ಆದರೆ ತಾತನನ್ನು ಅಕ್ಕನ ಜೊತೆ ಎಳೆದು ತಂದ ಆ ಜೋಡಿಯವಳು, ನಿನ್ನೆ ನಮ್ಮ ಮನೆಗೆ ಬಂದು, ನೀನು ತಿರುಗಿಸಿದರೆ ನನ್ನದನ್ನೂ ತಿರುಗಿಸುತ್ತೇನೆ ಅಂದಿದ್ದಾಳೆ. ಅವಳ ಪಕ್ಕ ಇನ್ನೊಬ್ಬಳು ಕೂತಿರುತ್ತಾಳೆ. ಒಬ್ಬಳನ್ನು ನೋಡಿ ಒಬ್ಬಳು ಏನು ಮಾಡುತ್ತಾಳೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಅದರ ಮೇಲೆ ಪುಸ್ತಕ ಬರೆದವರು ನೀವು.

ಇಂತಿ,
ಧೈರ್ಯ ಇಲ್ಲದೆ, ಎದುರಿಗೆ ಬರೀ ಗೋಡೆ ಇದ್ದದ್ದರಿಂದ ಬದುಕಿ ಉಳಿದ,
ದಿಂಬಿನ ಕವರು ಮಡಿಸುವವಳು